ನಾಲ್ಕು ಸೆಲ್ ಹೋದ ಬಗ್ಗೆ ಶ್ರೀಮತಿ ಪ್ರಫುಲ್ಲಾ ಶಿವಾನಂದ ಕೊಟ್ಟ ಹೇಳಿಕೆ

ನಮ್ಮ ಮನೆಯಲ್ಲಿ ಏನೂ ಕಳುವಾಗಿಲ್ಲ, ರಾಮದಾಸ ಕಾಕಾ ಕಳ್ಳರಲ್ಲ, ಈ ಸಂತೋಷದ ಸುದ್ದಿಯನ್ನು ಎಲ್ಲಕ್ಕಿಂತ ಮೊದಲು ಬರೆಯುತ್ತಿದ್ದೇನೆ. ಹೆಸರು, ವಿಳಾಸ ಮೊದಲು ಬರಬೇಕಮ್ಮಾ ಎಂದು ಹೆಡ್ ಕಾನ್‌ಸ್ಟೇಬಲ್ ಹಣಮಂತರಾಯರು ಹೇಳಿದ್ದರಿಂದ ಅದನ್ನೂ ಬರೆಯುತ್ತೇನೆ.

ಹೆಸರು ಪ್ರಫುಲ್ಲಾ. ಗಂಡನ ಹೆಸರು ಶಿವಾನಂದ (ಬರೆಯುವಾಗ ಇನ್ನೂ ನಗು ಬರುತ್ತದೆ). ವಯಸ್ಸು 23. ಓದು ಬಿ.ಎಸ್ಸಿ. ಇಲೆಕ್ಟ್ರಾನಿಕ್ಸ್. ಉದ್ಯೋಗ, ಹದಿನೆಂಟು ದಿನಗಳಿಂದ ಗೃಹಿಣಿ. ತವರು ಗುಲ್ಬರ್ಗಾ, ಈಗಿನ ವಾಸ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಎರಡನೇ ಮಹಡಿ. ನನಗೆ ತೆಲುಗು ಬರೆಯಲು ಬಾರದು. ಹಣಮಂತರಾಯರು ಜಹೀರಾಬಾದ್ ಕಡೆಯವರಾಗಿದ್ದು ಕನ್ನಡ ಓದಬಲ್ಲವರಾದ್ದರಿಂದ, ಸಬ್ ಇನ್‌ಸ್ಪೆಕ್ಟರ್ ಸಾಹೇಬರ ಅಪ್ಪಣೆಯಂತೆ ನನ್ನ ಕೈಯಿಂದಲೇ ಕನ್ನಡದಲ್ಲಿ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ಮದುವೆಯಲ್ಲಿ ನನ್ನ ಯಜಮಾನರಿಗೆ ಸ್ನೇಹಿತರು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದಾರೆ. ಬಹಳ ಚೆಂದದ ಕ್ಯಾಮೆರಾ. ಅದಕ್ಕೆ ಪೆನ್ಸಿಲ್ ಸೆಲ್ ಹಾಕಬೇಕು. ಭಾನುವಾರ ಯಜಮಾನರು ಕೋಠಿ ಪೇಟೆಯ ಅಂಗಡಿಯೊಂದರಿಂದ ಚಾರ್ಜ್ ಮಾಡುವ ನಾಲ್ಕು ಸೆಲ್ ಮತ್ತು ಒಂದು ಚಾರ್ಜರ್ ತಂದರು. ಸೆಲ್ ಮೇಲೆ ಬಂಗಾರದ ಬಣ್ಣದಲ್ಲಿ 4700 ಎಂಎಎಚ್ ಎಂದಿತ್ತು. ಇದಕ್ಕಿಂತ ದೊಡ್ಡ ನಂಬರ್ ಅಂಗಡಿಯಲ್ಲೇ ಇರಲಿಲ್ಲವೆಂದು ಅವರು ಹೆಮ್ಮೆಯಿಂದ ಹೇಳಿದರು. ರಾತ್ರಿಯಿಡೀ ಚಾರ್ಜ್ ಮಾಡಿದರೂ ಹತ್ತು ಫೋಟೋಕ್ಕೇ ಕ್ಯಾಮೆರಾ ಕಣ್ಣು ಮುಚ್ಚಿತು.

ಸೆಲ್ ಗುರುತುಗಳ ವಿಷಯ ಹೇಳಿಕೆಗೆ ಬೇಕೇ ಎಂದು ಸಾಹೇಬರು ಕೇಳಿದರು. ಖಂಡಿತ ಬೇಕು. ವೋಲ್ಟ್ ಎಂದರೆ ನಳದ ನೀರಿನ ಒತ್ತಡ, ಎಂಎಎಚ್ ಎಂದರೆ ಹಂಡೆಯಲ್ಲಿ ಹಿಡಿಯುವ ನೀರು. ಬಿಸಾಡುವ ಸೆಲ್ ಮೇಲೆ 1.5 ವೋಲ್ಟ್ ಎಂದಿದ್ದರೆ ಚಾರ್ಜ್ ಮಾಡುವ ಈ ಜಾತಿಯದರ ಮೇಲೆ 1.2 ಎಂದಿರುತ್ತದೆ. ಅದು ಕಡಿಮೆಯಾಯಿತೆಂದು ಹೆದರಬೇಕಿಲ್ಲ, ಅದರ ಸ್ವಭಾವವೇ ಅದು. ಜೊತೆಗೆ ನಿಕೆಲ್ ಮೆಟಲ್ ಹೈಡ್ರೈಡ್ ಎಂಬುದರ ನಾಲ್ಕು ಇಂಗ್ಲಿಷ್ ಅಕ್ಷರ, ಎಷ್ಟು ತಾಸು ಚಾರ್ಜ್ ಮಾಡಬೇಕೆಂಬ ಸಾಲು, ತಯಾರಾದ ತಿಂಗಳು ಇರಬೇಕು. ಪೆನ್ಸಿಲ್ ಅಳತೆಯ ಹಂಡೆಯಲ್ಲಿ ಸದ್ಯಕ್ಕೆ 2700ರ ಆಚೆ ನೀರು ಹಿಡಿಯುವುದಿಲ್ಲ. ಹೀಗಿರುವಾಗ 4700 ಎಂದು ಬರೆದವನು ಹಂಡೆ ಮಾಡಿಲ್ಲ, ಬರೀ ಬಣ್ಣ ಹಚ್ಚಿದ್ದಾನೆ. ಅಂಗೈಯಲ್ಲಿಟ್ಟರೆ ನನ್ನ ತವರಿನ ಹಳೆಯ ಸೆಲ್ಲಿನ ಅರ್ಧ ತೂಕವೂ ಇರಲಿಲ್ಲ. ಯಜಮಾನರಿಗೆ ಇದನ್ನು ವಿವರಿಸಿದಾಗ, ಹೆಂಡತಿ ಜೊತೆಗೆ ಲೆಕ್ಚರರ್ ಕೂಡ ಬಂದಳೆಂದು ನಕ್ಕರು.

ನಿನ್ನೆ ಮಂಗಳವಾರ ಬೆಳಿಗ್ಗೆ 9 ಗಂಟೆಗೆ ಆ ನಾಲ್ಕು ಸೆಲ್ಲನ್ನು ಕೆಳಗಿನ ಮನೆಯ ರಾಮದಾಸ ಕಾಕಾ ಅವರಿಗೆ ನಾನೇ ಕೊಟ್ಟೆ. ಅವರು ಕೋಠಿಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರು. ಇವನ್ನು ಆ ಅಂಗಡಿಗೆ ಹಿಂದಿರುಗಿಸಿ, 2000 ಎಂದು ಬರೆದ, ಚಾರ್ಜ್ ಮಾಡಿ ಇಟ್ಟರೆ ತಿಂಗಳುಗಟ್ಟಲೆ ಇಳಿಯದ ಜಾತಿಯ ನಾಲ್ಕು ತನ್ನಿರಿ ಎಂದೆ. ದೊಡ್ಡದು ಕೊಟ್ಟು ಸಣ್ಣದು ತಗೋಳೋ ಗಿರಾಕಿನ್ನ ಅಂವ ನೋಡಿರಲಿಕ್ಕಿಲ್ಲ ಎಂದು ನಕ್ಕು ಅವರು ಸೆಲ್ಲನ್ನು ಕಿಸೆಗೆ ಹಾಕಿಕೊಂಡರು. ಆಗ ಅತ್ತೆಯವರಾದ ಶಾರದಾಬಾಯಿ ಸ್ನಾನಕ್ಕೆ ಹೋಗಿದ್ದರು. ಅವರಿಗೆ ಹೇಳುವುದನ್ನು ನಾನು ಮರೆತೆ.

ಮಧ್ಯಾಹ್ನ 3 ಗಂಟೆಗೆ ಯಜಮಾನರು ಅರ್ಧ ದಿನದ ರಜೆ ಹಾಕಿ ಬಂದರು, ನಾವಿಬ್ಬರೂ ತವರಿಗೆ ಹೋಗಿಬರುವ ನನ್ನ ರೈಲು ಟಿಕೇಟು ಕಾದಿರಿಸಲು ಬೇಗಂಪೇಟೆ ಸ್ಟೇಷನ್ನಿಗೆ ಹೋದೆವು. ಆಮೇಲೆ ಟ್ಯಾಂಕ್ ಬಂಡ್ ಕೆರೆ ಏರಿಯ ಮೇಲೆ ಕುಳಿತೆವು. ಎಷ್ಟು ಹೊತ್ತು ಎಂಬುದು ಈ ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ.

ಅತ್ತೆಯವರು ನಂತರ ಹೇಳಿದಂತೆ, ಸಂಜೆ 5 ಗಂಟೆಗೆ ಕಾನ್‌ಸ್ಟೇಬಲ್ ಒಬ್ಬರು ಮನೆಮನೆಗೂ ಬಂದು, ಓಣಿಯಲ್ಲಿ ಫೋನ್ ಕಳವು ಆಗುತ್ತಿವೆ, ನಿಮ್ಮಲ್ಲಿ ಸೆಲ್ ಏನಾದರೂ ಹೋಗಿವೆಯೇ ಎಂದು ತೆಲುಗಿನಲ್ಲಿ ಕೇಳಿದರು. ಅತ್ತೆಯವರ ಅರೆಬರೆ ತೆಲುಗಿಗೆ ಆ ಮಾತಿನಲ್ಲಿ ದಕ್ಕಿದ್ದು ಸೆಲ್ ಹೋಗಿವೆಯೇ ಎಂಬುದಷ್ಟೇ. ಚಾರ್ಜರ್ ಖಾಲಿ ಇದ್ದುದನ್ನು ಆಗಷ್ಟೇ ನೋಡಿದ್ದ ಅವರು, ಹೌದು, ನಾಲ್ಗು ಸೆಲ್ಲು ಪೋಯಿನಯ್ (ನಾಲ್ಕು ಹೋದವು) ಎಂದರು. ಒಂದೇ ಮನೆಯಲ್ಲಿ ನಾಲ್ಕೇ ಎಂದು ಕಾನ್‌ಸ್ಟೇಬಲ್ ಕುಳಿತುಬಿಟ್ಟರು. ಹೊಸವೇ ಎಂದಾಗ ಹೊಸವು ಎಂದರು. ಚಾರ್ಜರ್ ಹೋಗಿದೆಯೇ ಎಂದಾಗ ಅದು ಇಲ್ಲೇ ಇದೆ ಎಂದು ತೋರಿಸಿದರು. ಮನೆಗೆ ಯಾರು ಬಂದಿದ್ದರು ಎಂದಾಗ, ಬೆಳಿಗ್ಗೆ ಸ್ನಾನ ಮುಗಿಸಿ ಬರುವಾಗ ರಾಮದಾಸರು ಉಬ್ಬಿದ ಕಿಸೆ ಹಿಡಿದು ಮೆಟ್ಟಿಲು ಇಳಿದುದನ್ನು ಕಿಟಕಿಯಿಂದ ಕಂಡೆ ಎಂದರು. ಕಂಡದ್ದನ್ನು ಹೇಳಿದರೇ ಹೊರತು ಯಾರ ಮೇಲೂ ದೂರಲಿಲ್ಲ.

7 ಗಂಟೆಗೆ ಕಾಕಾ ಬಸ್ಸಿನಿಂದ ಇಳಿಯುತ್ತಲೇ ಅವರನ್ನು ಹಿಡಿದು ಸೆಲ್ ಎಲ್ಲಿ ಎಂದು ಕೇಳಲಾಯಿತು. ಅವು ಕೋಠಿಯಲ್ಲಿ ಕೈಬದಲಾಗಿವೆ ಎಂದು ಕಾಕಾ ನಿಜವನ್ನೇ ಹೇಳಿದರು. ಅದನ್ನು ತಪ್ಪೊಪ್ಪಿಗೆ ಎಂದು ತಿಳಿದು ಠಾಣೆಗೆ ಕರೆತರಲಾಯಿತು. ನಾವು ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲೇ ನಿಂತು, ಪೆನ್ಸಿಲ್ ಸೆಲ್ಲಿಗೆ ಮನಶ್ಯಾನ್ನ ಒಯ್ತಾರಂದ್ರ ಈ ಊರು ಭಾಳ ಕಟ್ಟುನಿಟ್ಟು ಐತೆವ್ವಾ ಎಂದರು. ಯಜಮಾನರು ಕೂಡಲೇ ಠಾಣೆಗೆ ಓಡಿದರು. ಸಾಹೇಬರು ಬೆಳಿಗ್ಗೆ ಬರುತ್ತಾರೆ ಎಂದು ಅಲ್ಲಿದ್ದವರು ಹೇಳಿ ಕಳಿಸಿದರು.

ಇಂದು ಕಾಕಾ ಅವರ ಮಗಳು ನೀಲಾಳ ನಿಶ್ಚಿತಾರ್ಥ. ಬೀದರಿನಿಂದ ಗಂಡಿನವರು ಮಧ್ಯಾಹ್ನ 12ಕ್ಕೆ ಬರುತ್ತಾರೆ. ಮುಂದಿನ ವಾರ ಆಷಾಢ ಹಿಡಿಯುವುದರಿಂದ ಇಂದು ತಪ್ಪಿದರೆ ಶ್ರಾವಣದವರೆಗೆ ಕಾಯಬೇಕು. ಹುಡುಗಿಯ ಅಪ್ಪ ಎಲ್ಲಿ ಎಂದು ಕೇಳಿದರೆ ಠಾಣೆಯಲ್ಲಿ ಎಂದು ಹೇಳಬೇಕಾಗುತ್ತದೆ, ಹಾಗೆ ಹೇಳಿದ ಮೇಲೆ ಶ್ರಾವಣಕ್ಕೂ ಅವರು ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ 10 ಗಂಟೆಗೆ ಅತ್ತೆಯವರೊಂದಿಗೆ, ಚಾರ್ಜರ್ ಹಿಡಿದುಕೊಂಡು, ಇಲ್ಲಿಗೆ ಬಂದೆ.

ಸಾಹೇಬರು ಕಾಕಾ ಕಿಸೆಯಲ್ಲಿ ಸಿಕ್ಕ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟರು. ಬಿಚ್ಚುವ ಮೊದಲು, ಯಾರೂ ಕೇಳದೆಯೇ, ನಾನು ಅದರ ಮೇಲಿನ ಗುರುತು ಹೇಳಿದೆ: 1.2 ವೋಲ್ಟ್, 2000, ನಾಲ್ಕು ಅಕ್ಷರ, ತಯಾರಾದ ತಿಂಗಳು. ಬಿಚ್ಚಿ ನೋಡಿದರೆ ಎಲ್ಲ ಹಾಗೆಯೇ ಇತ್ತು. ಸಾಹೇಬರು ಇವು ಸರಿ, ಆದರೆ ಸೆಲ್ಲುಗಳು ಎಲ್ಲಿ ಎಂದರು. ಇವೇ ಸೆಲ್ಲು ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಆಗ ಅತ್ತೆಯವರು ಮುಂದೆ ಬಂದು, ಠಾಣೆಯ ಗೋಡೆ ಗಡಿಯಾರದ ಕಡೆ ಕೈ ತೋರಿಸಿ, ಅದರ ಬೆನ್ನಾಗ ಇರತೈತಲ್ರೀ, ಅದಕ್ಕ ಸೆಲ್ ಅಂತಾರ್ರಿ, ಮಾತಾಡೋದಕ್ಕ ಫೋನ್ ಅಂತಾರ್ರಿ, ನಿಮ್ಮೂರಾಗ ಏನಂತೀರಿ ಎಂದು ಕೇಳಿದರು. ಹಣಮಂತರಾಯರು ಅದನ್ನು ತೆಲುಗಿಗೆ ಹೇಳುವಷ್ಟರಲ್ಲಿ ತಾವೇ ನಕ್ಕು ಕೆಮ್ಮತೊಡಗಿದರು. ಸಾಹೇಬರು ನಗಲಿಲ್ಲ. ಸ್ವಲ್ಪ ಹೊತ್ತು ಗಡಿಯಾರ ನೋಡಿದರು, ಆಮೇಲೆ ಕಾಕಾ ಅವರಿಗೆ ಚಹಾ ತರಿಸಿದರು.

ನನ್ನ ಹೇಳಿಕೆಗೆ ಸಹಿ ಬಿದ್ದ ಕೂಡಲೇ ಕಾಕಾ ಅವರನ್ನು ಕಳಿಸುತ್ತೇವೆ, ಆದರೆ ಪ್ರಕರಣ ಮುಗಿಸುವಾಗ ಒಬ್ಬರು ಬಂದು ಇನ್ನೊಂದು ಸಹಿ ಹಾಕಬೇಕು ಎಂದು ಸಾಹೇಬರು ಹೇಳಿರುತ್ತಾರೆ. ಗಡಿಯಾರದಲ್ಲಿ 11:20 ಆಗಿದೆ. ಕಾಕಾ ಬೆಂಚಿನ ಮೇಲಿಂದ, ಇನ್ನ ಸಾಕ್ ಮಾಡವಾ ಪ್ರಫುಲ್ಲಾ, ಬೀಗರು ಬರ್ತಾರ ಎನ್ನುತ್ತಿದ್ದಾರೆ.

ಮೇಲೆ ಬರೆದದ್ದರಲ್ಲಿ ನಾನು ಕಂಡದ್ದು ಕಂಡ ಹಾಗೆ, ಕೇಳಿದ್ದು ಕೇಳಿದ ಹಾಗೆ ಇದೆ. ಯಾರ ಒತ್ತಾಯವೂ ಇಲ್ಲ. ಓದಿಸಿ ಕೇಳಿದ್ದೇನೆ, ಸರಿಯಿದೆ.

ಸ್ಥಳ: ಹೈದರಾಬಾದ್
ದಿನಾಂಕ: 17-6-2009
ಸಹಿ: ಪ್ರಫುಲ್ಲಾ ಶಿವಾನಂದ

ಷರಾ: ಆ ಇನ್ನೊಂದು ಸಹಿಗೆ ರಾಮದಾಸ ಕಾಕಾ ಅವರನ್ನು ಕರೆಯಬಾರದು, ಅವರಿಗೆ ಮದುವೆ ಕೆಲಸವಿರುತ್ತದೆ. ನಾನೇ ಬರುತ್ತೇನೆ. ಆಷಾಢಕ್ಕೆ ತವರಿಗೆ ಹೋಗಿ, ನಾಗರಪಂಚಮಿ ಹಬ್ಬದ ಉಂಡಿ ತಿಂದು, ಜುಲೈ 29ರ ಬುಧವಾರ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ಸಿಗೆ ಬೇಗಂಪೇಟೆಯಲ್ಲಿ ಇಳಿಯುತ್ತೇನೆ.