ಜೋಗೇಶ್ವರಿಯ ಜೋಗುಳ ಕಟ್ಟಿದವರು ಯಾರು?

ಅಧ್ಯಕ್ಷರಾದ ಕಾಂತಪ್ಪನವರೇ, ವೇದಿಕೆಯ ಹಿರಿಯರೇ, ದಾದರಿನ ತನಕ ಲೋಕಲ್ ರೈಲಿನಲ್ಲಿ ನೂಕಿಸಿಕೊಂಡು ಬಂದಿರುವ ಸಭಿಕರೇ,

ನೀವು ಹೊದಿಸಿದ ಶಾಲು ಬೆಚ್ಚಗಿದೆ. ಮುಂಬಯಿಯ ಸೆಖೆಗೆ ತುಸು ಹೆಚ್ಚೇ ಬೆಚ್ಚಗಿದೆ. ಆದರೆ ಆಮಂತ್ರಣದಲ್ಲಿ ‘ಜೋಗುಳ ಕಟ್ಟಿದ ದಾನವ್ವ’ ಎಂದು ಅಚ್ಚು ಹಾಕಿಸಿದ್ದೀರಿ. ಕಟ್ಟಿದವಳು ನಾನೇ? ಅದೇ ನನಗಿನ್ನೂ ತಿಳಿದಿಲ್ಲ.

ಕನ್ನಡ ನಾಡು ಒಂದಾದ ವರ್ಷವದು. ಒಂದೇ ಸಾಲಿನಲ್ಲಿ ಒತ್ತಾಗಿ ಮನೆಗಳಿದ್ದ ನಮ್ಮ ಜೋಗೇಶ್ವರಿಯ ಚಾಳು ಮಾತ್ರ ಒಂದಾಗಿರಲಿಲ್ಲ. ಧಾರವಾಡ, ವಿಜಾಪುರದ ನಾವು ಒಂದು ತುದಿ, ಉಡುಪಿಯವರು ಇನ್ನೊಂದು ತುದಿ. ಆ ತುದಿಯಲ್ಲಿ ದೂಜ ಎಂಬವರ ಮನೆ. ಅವರು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಅವರ ಹೆಂಡತಿ ವಸಂತಿಗೆ ಗಂಡುಮಗುವಾಗಿತ್ತು. ಮೊದಲ ಕೂಸು ಉಳಿದಿರಲಿಲ್ಲ. ಈ ಮಗುವಿಗೆ ಹಾಲೂಡಿಸುತ್ತಿದ್ದಳು, ಇದೂ ಉಳಿಯದೇನೋ ಎಂಬ ಹೆದರಿಕೆಗೆ ಮಾತಾಡಿಸುತ್ತಿರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಚಾಳಿನವರೆಲ್ಲ ಸೇರಿದರು. ನಾನು ಬಾಗಿಲಾಚೆ ನಿಂತೆ. ಊರಿನಲ್ಲಿ ನನ್ನನ್ನು ಯಾರೂ ತೊಟ್ಟಿಲಿಗೆ ಕರೆಯುತ್ತಿರಲಿಲ್ಲ. ಅತ್ತೆಯವರಂತೂ… ಇರಲಿ, ಅದು ಈ ಸಭೆಗೆ ಬೇಡ.

ವಸಂತಿಯ ಅತ್ತೆ ಅಪ್ಪಿಯಮ್ಮ ನನ್ನನ್ನು ನೋಡಿದರು. “ಎಂತ ಹೊರಗೆ ನಿಂತದ್ದು? ಬನ್ನಿ, ತೊಟ್ಟಿಲು ತೂಗಿ.”

“ನನಗ ಮಕ್ಕಳಿಲ್ರೀ. ನಾ ಮುಟ್ಟಬಾರದು.”

“ಹಾಗೆಂತ ಇಲ್ಲ. ಮಗು ಅಳ್ತಾ ಉಂಟು, ಕೇಳುದಿಲ್ವಾ?”

ತೂಗಿದೆ. ಹಾಡಬೇಕಲ್ಲ? ಅವರ ಜೋಗುಳ ತುಳುವಿನದು, ನಮಗೆ ಬಾರದು. ನಮ್ಮದು ಅವರಿಗೆ ಬಾರದು. ಅಷ್ಟರಲ್ಲಿ ಹೊರಗೆ ಲೋಕಲ್ ಧಡಧಡ ಎಂದಿತು. ನನ್ನ ಬಾಯಿಂದ ಬಂತು:

“ಅಳಬ್ಯಾಡ ಕೂಸ, ರೈಲು ಬಂತು ತೂಗಾಕ.”

ಅಪ್ಪಿಯಮ್ಮ ತಡಮಾಡದೆ ಮುಂದಿನ ಸಾಲು ಎತ್ತಿಕೊಂಡರು: “ಅಪ್ಪ ದೋಸೆ ತರ್ತಾರೆ ಮಗನಿಗೆ ತಿನ್ಲಿಕ್ಕೆ.”

ನಮ್ಮ ಪಕ್ಕದ ಮನೆಯ ರುದ್ರವ್ವ ಸುಮ್ಮನಿರುತ್ತಾಳೆಯೇ? “ದ್ವಾಸಿ ಸಣ್ಣದಾದ್ರ ಹೊಂಟಾನ ಜಗಳಾಡಾಕ!”

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಮೂಲೆಯಿಂದ ಒಂದು ಸಣ್ಣ ದನಿ:

“ದೋಸೆ ತಂದ್ರೆ ಮಗಾ, ಹಲ್ಲು ಎಲ್ಲುಂಟು ಕಚ್ಲಿಕ್ಕೆ?”

ವಸಂತಿ! ಎದ್ದು ಬಂದು ತೊಟ್ಟಿಲಿಗೆ ಬಾಗಿ, ಮಗುವಿನ ಮುಖ ನೋಡುತ್ತ ಮತ್ತೊಮ್ಮೆ ಕೇಳಿದಳು. ಅಪ್ಪಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸಾಲಿನ ಮೇಲೆ ಸಾಲು. ಯಾರದು ಯಾವುದೆಂದು ಯಾರಿಗೆ ಗೊತ್ತು?

ರೈಲಿನ ಸಾಲು ನನ್ನದೆನ್ನುತ್ತೀರಿ. ಅದು ಎಲ್ಲಿತ್ತು? ತೊಟ್ಟಿಲ ಹತ್ತಿರ ನಿಲ್ಲದ ನನ್ನೊಳಗೆ ಜೋಗುಳ ಹೇಗೆ ಬಂದು ಕೂತಿತ್ತು? ಮಾರನೆಯ ದಿನ ಒಬ್ಬಳೇ ಕೂತು ಇನ್ನೊಂದು ಕಟ್ಟಲು ನೋಡಿದೆ. ಒಂದಕ್ಷರವೂ ಹುಟ್ಟಲಿಲ್ಲ. ಸಂಜೆ ವಸಂತಿ ಮಗುವನ್ನು ನನ್ನ ಮಡಿಲಿಗೆ ಹಾಕಿದಳು, ಮತ್ತೆ ಶುರುವಾಯಿತು.

ಈಗ ಹಾಡಿ ಎನ್ನುತ್ತಿದ್ದೀರಿ. ಒಬ್ಬಳೇ ಹೇಗೆ ಹಾಡಲಿ? ವಸಂತಿ, ರುದ್ರವ್ವ, ಮೇಲೆ ಬನ್ನಿ. ಅಧ್ಯಕ್ಷರೇ, ಅಪ್ಪಿಯಮ್ಮನವರ ಆ ಎರಡನೆಯ ಸಾಲು ಇಂದು ನಿಮ್ಮದು, ಗಂಟಲು ಸರಿಮಾಡಿಕೊಳ್ಳಿ. ಕರೆದ ನಿಮಗೆ, ಕೇಳಿದ ನಿಮಗೆ, ಈಗ ದನಿಗೂಡಿಸಲಿರುವ ನಿಮಗೆಲ್ಲ ನನ್ನ ವಂದನೆ. ನಮಸ್ಕಾರ.