ಅಕ್ಷರ ಸವೆದ ಕೀಬೋರ್ಡ್

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ, ಟೈಪಿಂಗ್ ಪರೀಕ್ಷೆ ಬರೆದು ಬಂದ ಹುಡುಗಿ ಮತ್ತು ಅವಳ ತಾಯಿ ನನ್ನ ಪಕ್ಕದಲ್ಲೇ ಕುಳಿತಿದ್ದರು.

"ಹೊಸಾ ಕೀಬೋರ್ಡ್ ಇತ್ತು, ಯವ್ವಾ. ಅಕ್ಷರ ಎಲ್ಲಾ ಕಾಣಾಕತ್ತಿದ್ದವು. ಅದಕ್ಕ ಪರೀಕ್ಷೆ ಕೆಟ್ಟಿತು."

"ಕಂಡ್ರ ಚಲೋ ಅಲ್ಲೇನು?"

"ನಮ್ಮ ಕ್ಲಾಸಿನ್ಯಾಗ ಅಕ್ಷರ ಸವದು ಹೋಗ್ಯಾವ. ನೋಡಲಾರದೇ ಹೊಡಿಯೋದು ಕಲ್ತೀನಿ. ಇಲ್ಲಿ ನೋಡಿದೆ, ಬೆರಳು ನಿಂತೇ ಬಿಟ್ಟವು."

"ನಿನಗ ಓದಾಕ ಬರ್ತದಲ್ಲ?"

"ಬರ್ತದ."

"ಮತ್ತ?"

"ಅದೇ ನನಗೂ ತಿಳೀವಲ್ದು."



"ಗದ್ದ್ಯಾಗ ನೆಲ್ಲಿನ ಸಸಿ ಹಚ್ಚುವಾಗ ಒಮ್ಮೆ ನನ್ನ ಕೈ ನಾನೇ ನೋಡಿದೆ, ನಾಗವೇಣಿ. ಸಾಲು ಸೊಟ್ಟಾತು."

"ಆಮ್ಯಾಗ?"

"ಬಾಜೂಕಿನಾಕಿ ಕೂಡ ಮಾತಿಗೆ ಬಿದ್ದೆ. ಸಾಲು ತಾನೇ ನೆಟ್ಟಗಾತು."

ಸಿಂಧನೂರು ಬಸ್ ಬಂತು. ಮಗಳು ಚೀಲ ಹೆಗಲಿಗೇರಿಸಿ ನಡೆಯುತ್ತ ಅಂದಳು:

"ಪರೀಕ್ಷೆದಾಗ ಮಾತಾಡಾಕ ಬಿಡಂಗಿಲ್ಲಬೇ."