ಬಿಸಿಯಾಗುವ ಮೊದಲೇ

...ಇಲ್ಲ ಕೃತಿಕಾ, ಮೊದಲು ನಿಜ ಹೇಳು, ಆಮೇಲೆ ಕೈ ಕೊಡ್ತೀನಿ. ನಿನ್ನನ್ನ ಛೂ ಬಿಟ್ಟಿದ್ದು ನಿಮ್ಮ ದೊಡ್ಡಮ್ಮ ತಾನೆ? ನಗ್ಬೇಡ! ಕಡುಬು ಬಡಿಸೋವಾಗ ಗಿರಿಜಾಂಬಾ ನಿನ್ನ ಕಿವೀಲಿ ಏನೋ ಊದಿದ್ದನ್ನ ನಾನು ನೋಡಿದೀನಿ. ಶಿಲ್ಪ ಮಾಡ್ಕೊ ಅಂತ ನನ್ನ ಕಾಫಿ ಸ್ಟೋರನ್ನೇ ಖಾಲಿ ಮಾಡಿ ಕೊಟ್ಟರೆ, ನನ್ನ ಮೇಲೇ ಪತ್ತೇದಾರಿಕೆ!

ಊರಲ್ಲಿ ಎಷ್ಟು ಜನರಿಲ್ಲ, ಅಚ್ಚು ತೆಗೆಯೋಕೆ ಈ ಏಕಾಂತಪ್ಪನ ಬಲಗೈಯೇ ಯಾಕೆ ಬೇಕು? ...ಹಾಂ, ಅದೂ ಸರಿ ಅನ್ನು. ಇಂಥ ಕೈ ಗೋಣಿಬೀಡಲ್ಲಿ ಇನ್ನೊಂದಿಲ್ಲ. ಮೂಟೆಯಿಂದ ಒಂದು ಹಿಡಿ ಪಾರ್ಚ್‌ಮೆಂಟ್ ಬೀಜ ತೆಗೆದರೆ ಸಾಕು, ಕಾಫಿ ಒಣಗಿದೆಯೋ, ಇನ್ನೊಂದು ಬಿಸಿಲು ಬೇಕೋ, ಬೆರಳೇ ಹೇಳುತ್ತೆ. ಕಾಫಿ ಕ್ಯೂರಿಂಗ್‌ನವರು ತೇವ ಅಳೆಯೋ ಮೆಷಿನ್ ತಂದಿಟ್ಟ ದಿನ ಮೆಷಿನ್ ಒಂದು ಹೇಳ್ತು, ಈ ಕೈ ಒಂದು ಹೇಳ್ತು. ಮೆಷಿನ್ನೇ ನಾಚಿಕೊಂಡು ಕೆಟ್ಟುಹೋಯ್ತು ಮಾರಾಯ್ತಿ!

ಏನಂದೆ? ಮೊನ್ನೆ ಬೀಜ ಹಲ್ಲಲ್ಲಿ ಕಚ್ಚಿ ನೋಡ್ತಿದ್ನಾ? ನೋಡು, ನೋಡು... ಅದೂ ಕಣ್ಣಿಗೆ ಬಿತ್ತು ಇವಳಿಗೆ! ಹಲ್ಲಿಗೂ ಏನಾದ್ರೂ ಕೆಲಸ ಬೇಡ್ವಾ?

ಸರಿ, ಸುತ್ತು. ಮೂಳೆ ಮುರಿದವರಿಗೆ ಕಟ್ಟೋ ಪ್ಲಾಸ್ಟರ್ ಪಟ್ಟಿ ಅಲ್ವಾ ಇದು? ಡಾಕ್ಟ್ರ ಸಾಮಾನೆಲ್ಲ ಶಿಲ್ಪಿಗಳ ಕೈಗೆ ಬಂತು ಅನ್ನು! ಅಲ್ಲಿಟ್ಟಿರೋ ಅಚ್ಚುಗಳಲ್ಲಿ ಆ ಕುಂಬಳಕಾಯಿ ಹೊಟ್ಟೆ ಯಾರದು? ...ಮಲೇರಿಯಾ ಕಾಲದ ಜ್ವರಗಡ್ಡೆಯಾ! ನಮ್ಮಜ್ಜನಿಗೂ ಇತ್ತು. ಅದರ ಮೇಲೇ ತಟ್ಟೆ ಇಟ್ಕೊಂಡು ಉಣ್ತಿದ್ರು, ಒಂದಗಳು ಚೆಲ್ತಿರಲಿಲ್ಲ. ಆ ತೋಳಿನ ಗುರುತು ಸಿಡುಬಿಗೆ ದೇವಿ ಹಾಕಿಸಿದ್ದು. ಚೆನ್ನಾಗಿದೆ, ಚೆನ್ನಾಗಿದೆ. ಹಳೇ ಕಾಯಿಲೆಗೆಲ್ಲ ಚಿಕ್ಕಮಗಳೂರಲ್ಲಿ ಪ್ರದರ್ಶನ!

ಬೇಡ... ಆ ಕೊನೇದರ ಬಟ್ಟೆ ತೆಗೀಬೇಡ. ಗೊತ್ತು. ಕುಷ್ಠದ ಆಸ್ಪತ್ರೇಲಿದ್ದವರ ಕೈ, ಬೆರಳು ಮಡಚಿಕೊಂಡಿದ್ದು. ಅವತ್ತೇ ತೋರಿಸಿದ್ದೆಯಲ್ಲ. ನನ್ನ ಕೈ ಎಲ್ಲಿಡ್ತೀಯ? ಅದರ ಪಕ್ಕ ಅಲ್ಲ ತಾನೆ? ...ಯಾಕೆ ಅಂದ್ರೆ? ಸುಮ್ಮನೆ ಕೇಳಿದೆ!

ಅಯ್ಯೋ, ಸುಡ್ತು! ಸುಡ್ತು ಮಾರಾಯ್ತಿ, ಕೆಂಡ! ...ಹ್ಹೆ, ಇದಕ್ಕೇ ನಿನ್ನ ಹತ್ರ ಅಚ್ಚು ತೆಗೆಸ್ಕೊಂಡ ಆ ಸುಬ್ಬಣ್ಣ ಕುಣಿದಾಡಿದ್ನಂತೆ. ನಾನಾಗಿದ್ದಕ್ಕೆ ತಡ್ಕೊಂಡೆ.

ಯಾಕೆ ನಿಲ್ಲಿಸ್ದೆ? ಯಾಕೆ ಹಾಗೆ ನೋಡ್ತೀಯ?

...ಇನ್ನೂ ತಣ್ಣೀರಾ? ಬಿಸಿ ಏರೋದು ಪಟ್ಟಿ ಗಟ್ಟಿಯಾಗೋವಾಗ್ಲಾ? ಓ... ಅದನ್ನ ಸುಬ್ಬಣ್ಣ ಹೇಳ್ಲಿಲ್ಲ ನೋಡು.

ತಮಾಷೆ ಕಣೇ! ನಗು. ದೊಡ್ಡಪ್ಪನ ತಮಾಷೆಗೆ ನಗದೆ ಇರೋಳಲ್ಲ ನೀನು. ...ಪಟ್ಟಿ ಬಿಚ್ತಿರೋದ್ಯಾಕೆ? ಕಿರುಬೆರಳಿನ ಸುಟ್ಟ ಕಲೆನಾ? ಹೇಳಿದ್ನಲ್ಲ, ಸಂಸೆ ದಾರೀಲಿ ಕಾಡಿಂದ ಕಾಟಿ ಅಡ್ಡ ಬಂದಾಗ ಕೊಂಬು ಹಿಡಿದು ತಿರುಗಿಸಿದೆ ಅಂತ... ಕೊಂಬು ಹಿಡಿದ್ರೆ ಯಾಕೆ ಸುಡುತ್ತಾ? ಕಾಟಿಗೆ ಜ್ವರ ಇತ್ತು!

ನಗು ಅಂದ್ನಲ್ಲ...

ಆಯ್ತು, ಪರೀಕ್ಷೆ ಮಾಡು. ಇಗೋ, ಕಣ್ಣು ಮುಚ್ಚಿದೆ. ಯಾವ ಬೆರಳು ಮುಟ್ಟಿದೆ ಅಂತ ಹೇಳ್ತೀನಿ, ತಪ್ಪಿದ್ರೆ ನಾನು ಏಕಾಂತಪ್ಪನೇ ಅಲ್ಲ. ಹೂಂ, ಮುಟ್ಟು.

...ಮುಟ್ಟೇ ಅಂದ್ರೆ.

ಶುಗರ್ ಇರ್ಬಹುದು, ಅಲ್ವಾ? ಶುಗರ್ ಇದ್ದರೂ ಹೀಗಾಗುತ್ತಂತೆ... ಆ ಬಟ್ಟೆ ಒಳಗಿರೋದು ಅಲ್ಲ ತಾನೆ? ನಿಮ್ಮ ದೊಡ್ಡಮ್ಮನಿಗೆ ಹೇಳ್ಬೇಡ. ಈ ಕೈಗೆ ಏನೂ ತಿಳಿಯಲ್ಲ ಅಂತಾದ್ರೆ ನನ್ನ ಮುಂದೆ ಯಾರು ಮೂಟೆ ಬಿಚ್ತಾರೆ ಹೇಳು?

ಇನ್ನೂ ಮುಟ್ಟಿಲ್ವಾ? ಮುಟ್ಟೋಕೆ ಹೆದರಿಕೆನಾ? ...ಹೆದರಿಕೆ ಆದ್ರೆ ಆಗ್ಲಿ, ಬಾಯಿಬಿಟ್ಟು ಹೇಳು. ಕೃತಿಕಾ? ಕಣ್ಣು ಬಿಡ್ತೀನಿ ನೋಡು ಈಗ...

ಓ.

ನನ್ನ ಕೈನ ಎರಡೂ ಕೈಲಿ ಹಿಡ್ಕೊಂಡಿದ್ದೀಯಲ್ಲೇ.

...ಯಾವಾಗಿಂದ?